ಅಂಗಳದ ಹೂವು, ಹಿತ್ತಲ ಜೇನು



ನಮ್ಮ ಬೀದಿಯ ಕೊನೆಯ ಮನೆಯಾಕೆ ಕಳೆದ ತಿಂಗಳು ಒಂದು ಬೆಳಿಗ್ಗೆ ಅಂಗೈಯಲ್ಲಿ ನಾಲ್ಕು ಕುಂಬಳದ ಪಿಂದೆ ಹಿಡಿದುಕೊಂಡು ಬಂದರು. ಹೆಬ್ಬೆರಳ ಗಾತ್ರದವು, ಹಳದಿಗಟ್ಟಿ ಉದುರಿದವು.

“ಮೇಷ್ಟ್ರೇ, ಗೊಬ್ಬರ ಹಾಕಿದ್ದೀನಿ, ನೀರಿಗೇನೂ ಕಮ್ಮಿ ಮಾಡಿಲ್ಲ. ಹೂವೂ ಬಿಡುತ್ತೆ. ಪಿಂದೆ ಮಾತ್ರ ಹೀಗೇ ಉದುರಿಹೋಗುತ್ತೆ.”

“ಹೂವಿನ ಮೇಲೆ ಜೇನು ಕೂರುತ್ತಾ, ನೋಡಿದ್ದೀರಾಮ್ಮ?”

“ಎಲ್ಲಿಂದ ಬರಬೇಕು? ಅದೇ ನನಗೆ ಆಶ್ಚರ್ಯ. ನಿಮ್ಮ ಹಿತ್ತಲಲ್ಲಿ ಕಣ್ಣಿಗೆ ಬೀಳೋ ಹಾಗೆ ಒಂದು ಹೂವಿಲ್ಲ. ಯಾವಾಗ ಬಂದ್ರೂ ಗುಂಯ್ ಅಂತಿರುತ್ತೆ. ನಮ್ಮ ಮನೆ ಮುಂದೆ ವರ್ಷಪೂರ್ತಿ ಹೂವು. ಒಂದು ಜೇನೂ ಇಲ್ಲ.”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುವುದುಂಟೆ! ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅವರ ಮನೆಗೆ ಹೋದೆ.

ತೋಟ ಚೆಂದವಿದೆ, ಸುಳ್ಳು ಹೇಳಬಾರದು. ಗೇಟಿನ ಮೇಲೆ ಕಮಾನು ಕಟ್ಟಿ ಹಬ್ಬಿಸಿದ ಬೋಗನ್‌ವಿಲ್ಲಾ. ಕಾಲುದಾರಿಯ ಎರಡೂ ಪಕ್ಕ ಕುಳ್ಳ ಜಾತಿಯ ಕೆಂಪು ಕೇಪಳ, ನರ್ಸರಿಯವರು ಇಕ್ಸೋರಾ ಎನ್ನುತ್ತಾರಲ್ಲ, ಅದು. ಮೂಲೆಯಲ್ಲಿ ಗುಲಾಬಿ ಬಣ್ಣದ ಕಣಗಿಲೆ. ಕಿಟಕಿಯ ಕೆಳಗೆ ಎಸಳಿನ ಮೇಲೆ ಎಸಳು ಒತ್ತಿಕೊಂಡ ಸುತ್ತು ದಾಸವಾಳ. ಕಾಂಪೌಂಡಿನ ಉದ್ದಕ್ಕೂ ಹೊಂಬಣ್ಣದ ಡ್ಯುರಾಂಟಾ ಬೇಲಿ, ಸ್ಕೇಲು ಇಟ್ಟು ಗೆರೆ ಎಳೆದಂತೆ ಕತ್ತರಿಸಿದ್ದು. ಇಷ್ಟೆಲ್ಲ ಇದ್ದೂ ಜೇನಿಗೆ ಅಲ್ಲಿ ಬೆಳಗಿನ ತಿಂಡಿಗೂ ಗತಿಯಿರಲಿಲ್ಲ. ಹೇಗೆ ಅಂತೀರಾ? ಒಂದೊಂದೇ ಗಿಡದ ಬಾಗಿಲು ತಟ್ಟೋಣ, ಜೇನು ತಟ್ಟುವ ಹಾಗೆ.

ಬೋಗನ್‌ವಿಲ್ಲಾದಲ್ಲಿ ನಾವು ಹೂವೆಂದು ಕರೆಯುವ ಆ ಕಾಗದದಂಥ ಬಣ್ಣ ಹೂವೇ ಅಲ್ಲ, ಬಣ್ಣ ಕಟ್ಟಿದ ಎಲೆ. ನಿಜವಾದ ಹೂವು ಆ ಮೂರು ಎಲೆಗಳ ನಡುವೆ ಬೆಂಕಿಕಡ್ಡಿಯಷ್ಟು ಸಣ್ಣಗೆ, ಬೆಳ್ಳಗೆ, ಕೊಳವೆಯಾಗಿ ನಿಂತಿರುತ್ತದೆ. ಉದ್ದ ಸೊಂಡಿಲಿನ ಚಿಟ್ಟೆಗೆ ಅದು ಸಾಕು. ಜೇನಿಗೆ ನಿಲುಕದು.

ಕೇಪಳದ್ದೂ ಅದೇ ಕತೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೆಳೆದವರಿಗೆ ನೆನಪಿರಬಹುದು: ಶಾಲೆಯಿಂದ ಬರುವಾಗ ಕೇಪಳದ ಹೂ ಕಿತ್ತು, ಬುಡದ ಎಳೆ ಎಳೆದು, ಆ ಒಂದು ಹನಿ ಸಿಹಿಯನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದೆವು. ಸಿಹಿ ಇರುವುದೇನೋ ನಿಜ. ಆದರೆ ಅದು ಕುಳಿತಿರುವುದು ಎರಡೂವರೆ ಮೂರು ಸೆಂಟಿಮೀಟರ್ ಆಳದ, ದಾರದಷ್ಟು ಸಪೂರ ಕೊಳವೆಯ ತಳದಲ್ಲಿ. ನಮ್ಮ ತುಡುವೆ ಜೇನಿನ ನಾಲಿಗೆಯ ಉದ್ದ ಅರ್ಧ ಸೆಂಟಿಮೀಟರಿನ ಆಸುಪಾಸು. ಹೂಜಿಯಲ್ಲಿ ಪಾಯಸ ಬಡಿಸಿಕೊಂಡ ಈಸೋಪನ ಕತೆಯ ನರಿಯ ಪಾಡು ಅದರದ್ದು.

ಕಣಗಿಲೆ ಇನ್ನೂ ಜಾಣೆ. ಬಣ್ಣವಿದೆ, ಘಮವಿದೆ, ಒಳಗೆ ಮಕರಂದ ಮಾತ್ರ ಇಲ್ಲವೇ ಇಲ್ಲ. ಏನೋ ಇದ್ದೀತು ಎಂದು ಹೊಕ್ಕ ಹೊಸ ಹುಳುವಿನಿಂದ ಕೆಲಸ ಮಾಡಿಸಿಕೊಂಡು ಬರಿಗೈಯಲ್ಲಿ ಕಳಿಸುವ ಹೂವು ಅದು. ಒಮ್ಮೆ ಮೋಸ ಹೋದ ಜೇನು ಮತ್ತೆ ಮತ್ತೆ ಬರುವಷ್ಟು ದಡ್ಡ ಅಲ್ಲ.

ದಾಸವಾಳದ ಲೆಕ್ಕ ಬೇರೆ. ಒಂಟಿ ಎಸಳಿನ ಸಾದಾ ಕೆಂಪು ದಾಸವಾಳ ಇದೆಯಲ್ಲ, ಅದು ಕಾಯುವುದು ಮುಖ್ಯವಾಗಿ ಸೂರಕ್ಕಿಯಂಥ ಹಕ್ಕಿಗಳನ್ನು. ಆದರೂ ಅದರ ಉದ್ದನೆಯ ಕಂಬದ ಸುತ್ತ ಪರಾಗ ತುಂಬಿರುತ್ತದೆ, ನಸರಿಯಂಥ ಪುಟ್ಟ ಜೇನುಗಳು ಒಮ್ಮೊಮ್ಮೆ ಬಂದು ಕೆದಕುವುದುಂಟು. ಸುತ್ತು ದಾಸವಾಳದಲ್ಲಿ ಆ ಭಾಗ್ಯವೂ ಇಲ್ಲ, ಏಕೆಂದರೆ ಅಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿವೆ. ನಾವು ಹೂವನ್ನು ದಪ್ಪ ಮಾಡುತ್ತಾ ಹೋದಷ್ಟೂ ಜೇನಿನ ತಟ್ಟೆ ಖಾಲಿಯಾಗುತ್ತಾ ಹೋಗುತ್ತದೆ. ಹೂಗುಚ್ಛಕ್ಕೆಂದು ಬೆಳೆಸುವ ಗುಲಾಬಿಯಲ್ಲಿ ಆಗಿರುವುದೂ ಇದೇ.

ಇನ್ನು ಬಣ್ಣ. ಬಾನುಲಿಯಲ್ಲಿ ನಾನು ನಿಮಗೆ ಬಣ್ಣ ತೋರಿಸಲಾರೆ. ತೋರಿಸಿದರೂ ಅದು ಜೇನು ಕಾಣುವ ಬಣ್ಣವಾಗಿರುತ್ತಿರಲಿಲ್ಲ. ಸುಮಾರು ನೂರು ವರ್ಷದ ಹಿಂದೆ ದೊಡ್ಡ ವಿದ್ವಾಂಸರೊಬ್ಬರು ಜೇನಿಗೆ ಬಣ್ಣವೇ ಕಾಣದು ಎಂದು ಹೇಳಿದ್ದರು. ಕಾರ್ಲ್ ಫಾನ್ ಫ್ರಿಶ್ ಎಂಬ ಆಸ್ಟ್ರಿಯಾದ ತರುಣನಿಗೆ ಅದು ಒಪ್ಪಿಗೆಯಾಗಲಿಲ್ಲ. ಬಣ್ಣ ಕಾಣದಿದ್ದರೆ ಹೂವುಗಳು ಯಾರಿಗಾಗಿ ಇಷ್ಟು ಸಿಂಗರಿಸಿಕೊಂಡಿವೆ ಎಂಬುದು ಅವನ ಸಂಶಯ. ಬೇರೆ ಬೇರೆ ಛಾಯೆಯ ಬೂದು ರಟ್ಟುಗಳ ನಡುವೆ ಒಂದು ನೀಲಿ ರಟ್ಟು ಇಟ್ಟು, ಅದರ ಮೇಲೆ ಸಕ್ಕರೆ ನೀರು ಇಟ್ಟ. ಜೇನುಗಳು ಪಾಠ ಕಲಿತವು. ಆಮೇಲೆ ಸಕ್ಕರೆ ನೀರು ತೆಗೆದ, ರಟ್ಟುಗಳ ಜಾಗ ಅದಲುಬದಲು ಮಾಡಿದ. ಆದರೂ ಜೇನುಗಳು ಅಷ್ಟೆಲ್ಲ ಬೂದು ರಟ್ಟುಗಳನ್ನು ಬಿಟ್ಟು ನೀಲಿಯ ಮೇಲೇ ಬಂದು ಇಳಿದವು. ಅದೇ ಪರೀಕ್ಷೆಯನ್ನು ಕೆಂಪಿನಲ್ಲಿ ಮಾಡಿದಾಗ ಮಾತ್ರ ಅವು ತಬ್ಬಿಬ್ಬಾದವು, ಕೆಂಪಿಗೂ ಕಪ್ಪಿಗೂ ವ್ಯತ್ಯಾಸ ಅವುಗಳಿಗೆ ತಿಳಿಯಲಿಲ್ಲ. ಇದನ್ನು ಅವನು ಪ್ರಕಟಿಸಿದ್ದು 1914ರಲ್ಲಿ. ಮುಂದೆ ಜೇನಿನ ಕುಣಿತದ ಭಾಷೆ ಬಿಡಿಸಿದ್ದೂ ಅವನೇ. 1973ರಲ್ಲಿ ನೊಬೆಲ್ ಬಂತು.

ಅಂದರೆ ಆ ಕೊನೆಯ ಮನೆಯವರ ಕೆಂಪು ಕೇಪಳದ ಸಾಲು ಜೇನಿನ ಕಣ್ಣಿಗೆ ಹಸುರು ಎಲೆಗಳ ನಡುವಿನ ಮಸಿ ಬೊಟ್ಟು. ಜೇನಿಗೆ ಚೆನ್ನಾಗಿ ಕಾಣುವುದು ನೀಲಿ, ನೇರಳೆ, ಹಳದಿ. ಜೊತೆಗೆ ನಮಗೆ ಕಾಣದ ಅತಿನೇರಳೆ. ನಮಗೆ ಬರೀ ಹಳದಿಯಾಗಿ ಕಾಣುವ ಎಷ್ಟೋ ಹೂವುಗಳ ಎಸಳಿನ ಮೇಲೆ ಅತಿನೇರಳೆಯ ಗೆರೆಗಳು, ಚುಕ್ಕಿಗಳು ಇರುತ್ತವೆ. ‘ಊಟದ ಮನೆಗೆ ದಾರಿ’ ಎಂದು ಮದುವೆ ಛತ್ರದಲ್ಲಿ ಬಾಣದ ಗುರುತು ಹಾಕಿರುತ್ತಾರಲ್ಲ, ಹಾಗೆ.

“ಹಾಗಾದ್ರೆ ಇದನ್ನೆಲ್ಲ ಕಿತ್ತು ಹಾಕ್ಲಾ?” ಎಂದು ಆಕೆ ಗಾಬರಿಯಿಂದ ಕೇಳಿದರು. ಬೇಡಮ್ಮ ಎಂದೆ. ಚಿಟ್ಟೆ ಬರುತ್ತದೆ, ಸೂರಕ್ಕಿ ಬರುತ್ತದೆ, ನಿಮ್ಮ ಕಣ್ಣಿಗೂ ತಂಪು. ಜೇನಿಗೆ ಬೇಕಾದ್ದು ಬೇರೆ ಕಡೆ ಇದೆ, ಬನ್ನಿ ಎಂದು ನಮ್ಮ ಹಿತ್ತಲಿಗೆ ಕರೆದುಕೊಂಡು ಬಂದೆ.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ಆದರೆ ನಮ್ಮ ಹಿರಿಯರು ಹಿತ್ತಲಲ್ಲಿ ಇಟ್ಟುಕೊಂಡಿದ್ದ ಗಿಡಗಳ ಪಟ್ಟಿ ನೋಡಿ: ತುಳಸಿ, ಕಾಮಕಸ್ತೂರಿ, ಕರಿಬೇವು, ಲಕ್ಕಿ, ಆಡುಸೋಗೆ, ಮದರಂಗಿ, ನಿಂಬೆ. ಇವುಗಳಲ್ಲಿ ಒಂದನ್ನೂ ಹೂವಿಗಾಗಿ ನೆಟ್ಟದ್ದಲ್ಲ. ಎಲೆಗೆ, ಕಾಯಿಗೆ, ಕಷಾಯಕ್ಕೆ, ಬಾಣಂತಿಯ ಸ್ನಾನದ ನೀರಿಗೆ ನೆಟ್ಟದ್ದು. ಹೂವು ಬಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಜೇನು ನೋಡುತ್ತಿತ್ತು.

ತುಳಸಿಯ ತೆನೆಯನ್ನು ಹತ್ತಿರದಿಂದ ನೋಡಿದ್ದೀರಾ? ಕನ್ನಡಕ ಹಾಕಿಕೊಂಡೇ ನೋಡಬೇಕು. ಸಾಸಿವೆಗಿಂತ ಸ್ವಲ್ಪ ದೊಡ್ಡ ಹೂವು, ತಿಳಿ ನೇರಳೆ, ಎರಡು ತುಟಿ. ಕೆಳತುಟಿಯ ಮೇಲೆ ಕೇಸರಗಳು ಮಲಗಿರುತ್ತವೆ. ಜೇನು ಬಂದು ಕೆಳತುಟಿ ಹಿಡಿದುಕೊಂಡು ಮುಖ ಒಳಗಿಟ್ಟಾಗ ಪರಾಗ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಈಗ ಪಕ್ಕದ ಆಡುಸೋಗೆಗೆ ಬನ್ನಿ. ಅದೂ ಎರಡು ತುಟಿಯ ಹೂವೇ, ಆದರೆ ದೊಡ್ಡದು, ಬಿಳುಪು, ಕೆಳತುಟಿಯ ಮೇಲೆ ನೇರಳೆ ಗೀರುಗಳು. ಇಲ್ಲಿ ಕೇಸರಗಳು ಮೇಲ್ತುಟಿಯ ಅಡಿಯಲ್ಲಿ, ಮಾಡಿನ ಜಂತೆಗೆ ತೂಗಿದ ಹಾಗೆ ಅಂಟಿಕೊಂಡಿವೆ. ಕಪ್ಪು ದುಂಬಿ ನುಗ್ಗಿದಾಗ ಪರಾಗ ಬೀಳುವುದು ಅದರ ಬೆನ್ನಿಗೆ. ಒಬ್ಬಳು ಹೊಟ್ಟೆಗೆ ಬಳಿಯುತ್ತಾಳೆ, ಇನ್ನೊಬ್ಬಳು ಬೆನ್ನಿಗೆ. ತರಗತಿಯಲ್ಲಿ ಇದನ್ನು ಚಿತ್ರ ಬಿಡಿಸಿ ಹೇಳಿಕೊಡುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ತುಳಸಿ ಕಟ್ಟೆಯ ಹತ್ತಿರ ಕರೆದುಕೊಂಡು ಹೋದರೆ ಸಾಕಿತ್ತು ಎಂದು ನನಗೆ ಹೊಳೆದದ್ದು ನಿವೃತ್ತಿಯ ಮೇಲೆ.

ಇಷ್ಟು ಸಣ್ಣ ಹೂವಿಗೆ ಜೇನು ಯಾಕೆ ಇಷ್ಟು ಮುಗಿಬೀಳುತ್ತದೆ? ಒಂದು ಹೂವಿನಲ್ಲಿ ಸಿಗುವುದು ಅಲ್ಪ. ಆದರೆ ತೆನೆಯ ತುಂಬ ಹೂವು, ಗಿಡದ ತುಂಬ ತೆನೆ. ಒಂದರಿಂದ ಇನ್ನೊಂದಕ್ಕೆ ಹಾರಲೂ ಬೇಕಿಲ್ಲ, ನಡೆದೇ ಹೋಗಬಹುದು. ಹಾರುವುದಕ್ಕೆ ಜೇನು ಸುಡುವುದು ಮಕರಂದವನ್ನೇ ಅಲ್ಲವೇ, ಅದರ ಜಮಾ ಖರ್ಚು ಬಹಳ ಕಟ್ಟುನಿಟ್ಟು. ಹೊರಟ ಜೇನು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವನ್ನು ಹಿಡಿದುಕೊಂಡಿರುತ್ತದೆ, ತುಳಸಿಯಿಂದ ನಿಂಬೆಗೆ, ನಿಂಬೆಯಿಂದ ದಾಸವಾಳಕ್ಕೆ ಅಲೆಯುವುದಿಲ್ಲ. ಹೂವಿಗೂ ಅದೇ ಬೇಕು: ನಿಂಬೆಯ ಪರಾಗ ಹೊತ್ತು ತುಳಸಿಗೆ ಬಂದರೆ ಯಾರಿಗೇನು ಲಾಭ? ಆದ್ದರಿಂದ ಹತ್ತು ಬಗೆಯ ಗಿಡ ಒಂದೊಂದು ನೆಟ್ಟವರಿಗಿಂತ ಎರಡೇ ಬಗೆಯನ್ನು ಐದೈದು ನೆಟ್ಟವರ ಮನೆಗೆ ಜೇನು ಹೆಚ್ಚು. ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ ಇಟ್ಟು ಜೇನು ಬರಲಿಲ್ಲ ಎಂದು ಬೇಸರ ಮಾಡಿಕೊಂಡವರು ಇದನ್ನು ಗಮನಿಸಿ. ಜೇನು ಗೂಡಿಗೆ ಹೋಗಿ ಕುಣಿದು ಸುದ್ದಿ ಹೇಳಬೇಕಾದರೆ ಸುದ್ದಿಗೆ ತಕ್ಕ ಮಾಲು ಇರಬೇಕು.

ಜೇನು ಜೇನು ಎನ್ನುತ್ತಿದ್ದೇನೆ, ಆದರೆ ಬರುವವರು ಒಬ್ಬರಲ್ಲ. ನಮ್ಮ ಹಿತ್ತಲಿಗೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಬರುತ್ತದೆ. ಪೊದೆಯ ಕಡ್ಡಿಗೆ ಅಂಗೈಯಗಲ ತಟ್ಟು ಕಟ್ಟುವ ಕೋಲುಜೇನು ಬರುತ್ತದೆ. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆಯ ಬಾಗಿಲು ಮಾಡಿಕೊಂಡು ಇರುವ, ಕುಟುಕದ ನಸರಿ ಬರುತ್ತದೆ. ಕೆಲವು ಕಡೆ ಇದನ್ನು ಮುಜಂಟಿ, ಮಿಸ್ರಿ ಎಂದೂ ಕರೆಯುತ್ತಾರೆ. ಇವೆಲ್ಲ ಸಂಸಾರವಂದಿಗರು. ಒಂಟಿಯಾಗಿ ಬದುಕುವ ಜೇನುಗಳೂ ಇವೆ. ಜಗತ್ತಿನ ಸುಮಾರು 20,000 ಜಾತಿಯ ಜೇನುಗಳಲ್ಲಿ ಹೆಚ್ಚಿನವು ಒಂಟಿಗಳೇ, ತುಪ್ಪ ಕೂಡಿಡುವವಲ್ಲ. ಹೊಟ್ಟೆಯ ಮೇಲೆ ತಿಳಿ ನೀಲಿ ಪಟ್ಟೆ ಇರುವ ಒಂದು ಜೇನು ತುಳಸಿಯ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಂತು, ಚಕ್ಕನೆ ಪಕ್ಕಕ್ಕೆ ಜಾರುತ್ತದೆ. ಇದರ ಗಂಡುಗಳು ಸಂಜೆಯಾದರೆ ಒಣಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿಕೊಂಡು, ಸಾಲಾಗಿ ನೇತುಬಿದ್ದು ನಿದ್ದೆ ಮಾಡುತ್ತವೆ. ಟಾರ್ಚು ಹಿಡಿದು ನಾನೂ ನನ್ನ ಮೊಮ್ಮಗಳೂ ನೋಡಿದ್ದೇವೆ. ‘ಅಜ್ಜಾ, ಬ್ರಶ್ ಮಾಡದೆ ಮಲಗಿದಾವೆ’ ಎಂದಳು.

ಕಪ್ಪು ದುಂಬಿಯ ಮಾತು ಬಂದ ಮೇಲೆ ಆವರಿಕೆಯ ವಿಷಯ ಹೇಳಲೇಬೇಕು. ಬಯಲುಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೆಲವರು ತಂಗಡಿ ಎನ್ನುತ್ತಾರೆ. ರಸ್ತೆಬದಿಯಲ್ಲಿ, ಬರಡು ನೆಲದಲ್ಲಿ, ಯಾರೂ ನೀರು ಹಾಕದೆ ಅರಿಸಿನ ಬಣ್ಣ ಸುರಿದುಕೊಂಡು ನಿಂತಿರುವ ಪೊದೆ. ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗವೇ ಊಟ. ಆ ಪರಾಗವೂ ತೆರೆದಿಟ್ಟಿಲ್ಲ. ಕೇಸರದ ತುದಿಯಲ್ಲಿ ಮೆಣಸಿನಪುಡಿ ಡಬ್ಬಿಯ ಹಾಗೆ ಸಣ್ಣ ತೂತು. ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ತುಡುವೆಗೆ ಈ ವಿದ್ಯೆ ಬಾರದು. ದುಂಬಿ ಬಂದು ಹೂವನ್ನು ತಬ್ಬಿಕೊಂಡು, ರೆಕ್ಕೆ ಬಿಚ್ಚದೆಯೇ ಹಾರುವ ಸ್ನಾಯುಗಳನ್ನು ಮಾತ್ರ ಜೋರಾಗಿ ನಡುಗಿಸುತ್ತದೆ. ಪರಾಗ ಹೊಗೆಯಂತೆ ಚಿಮ್ಮುತ್ತದೆ. ಚೆಲ್ಲಿದ್ದನ್ನು ಆರಿಸಿಕೊಳ್ಳಲು ಹಿಂದಿನಿಂದ ಸಣ್ಣ ಜೇನುಗಳು ಬರುತ್ತವೆ.

ಆವರಿಕೆಯ ಜಾಣತನ ಅಲ್ಲಿಗೇ ಮುಗಿಯಲಿಲ್ಲ. ಅದರಲ್ಲಿ ಎರಡು ನಮೂನೆಯ ಕೇಸರಗಳಿವೆ. ನಡುವಿನ ಗಿಡ್ಡ ಕೇಸರಗಳ ಪರಾಗ ದುಂಬಿಯ ಊಟಕ್ಕೆ. ಉದ್ದಕ್ಕೆ ಬಾಗಿ ನಿಂತ ಕೇಸರಗಳ ಪರಾಗ ದುಂಬಿಯ ಮೈಯಲ್ಲಿ ಅದರ ಕಾಲಿಗೆ ಸುಲಭವಾಗಿ ಎಟುಕದ ಕಡೆ ಹೋಗಿ ಕೂರುತ್ತದೆ, ಮುಂದಿನ ಹೂವಿಗೆ ಮುಟ್ಟುವ ಪಾಲು ಅದು. ಕೂಲಿಗೆ ಬೇರೆ, ಬಿತ್ತನೆಗೆ ಬೇರೆ ಎಂದು ರೈತ ಕಾಳು ಎತ್ತಿಡುವ ಹಾಗೆ.

ಹೂವಿನ ಮೇಲೆ ದುಂಬಿ ನಡುಗುವ ಸದ್ದು ಹಾರುವ ಸದ್ದಿನಂತಲ್ಲ, ಅದಕ್ಕಿಂತ ತಾರಕ. ಗುಂಯ್ ಎನ್ನುತ್ತಿದ್ದದ್ದು ಹೂವಿಗೆ ಕೂತ ಕೂಡಲೇ ಝೀ ಎನ್ನುತ್ತದೆ. ಇದನ್ನು ಈ ಭಾಷಣದ ನಡುವೆ ನಿಮಗೆ ಕೇಳಿಸಬೇಕೆಂದು ಆಸೆಪಟ್ಟು ಊರ ಹೊರಗಿನ ರಸ್ತೆಗೆ ಮೊಬೈಲು ಹಿಡಿದು ಹೋಗಿದ್ದೆ. ಒಂದು ಗಂಟೆ ನಿಂತೆ. ಮನೆಗೆ ಬಂದು ಕೇಳಿದರೆ ಲಾರಿ ಸದ್ದು ಮಾತ್ರ. ನಿಮ್ಮ ಮನೆಯಲ್ಲಿ ಬದನೆ, ಟೊಮೆಟೊ ಗಿಡ ಇದ್ದರೆ ಅಲ್ಲಿ ಕಿವಿಯಿಡಿ. ಅವುಗಳ ಪರಾಗವೂ ತೂತಿನ ಡಬ್ಬಿಯಲ್ಲೇ ಇರುವುದು.

ಇನ್ನೊಂದು ಪೊದೆ ಇದೆ, ನಮ್ಮವರು ಅದನ್ನು ಹೂಗಿಡವೆಂದು ಎಣಿಸುವುದೇ ಇಲ್ಲ. ಕಾಫಿ. ಕತ್ತರಿಸದೆ ಬಿಟ್ಟರೆ ಮರವಾಗುವ ಈ ಗಿಡವನ್ನು ನಾವು ಎದೆಯೆತ್ತರದ ಪೊದೆಯಾಗಿ ಇಟ್ಟುಕೊಂಡಿದ್ದೇವೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕೊಡಗಿನ ಇಳಿಜಾರುಗಳು ಬೆಳ್ಳಗಾಗುತ್ತವೆ. ಎರಡು ಮೂರು ದಿನದ ವೈಭವ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಿಕೊಳ್ಳಬಲ್ಲದು, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಗಾಳಿ ತರುತ್ತದೆ, ಹೆಜ್ಜೇನು ತುಡುವೆಗಳು ತರುತ್ತವೆ. ತಮಾಷೆಯೆಂದರೆ ಕಾಫಿ ಹೂವಿನ ಮಕರಂದದಲ್ಲೂ ಚೂರು ಕೆಫೀನ್ ಇದೆ. 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ಜೇನುಗಳಿಗೆ ಅಷ್ಟೇ ಪ್ರಮಾಣದ ಕೆಫೀನ್ ಬೆರೆಸಿದ ಸಕ್ಕರೆ ನೀರು ಕೊಟ್ಟು ಪರೀಕ್ಷಿಸಿತು. ಬರೀ ಸಕ್ಕರೆ ಕುಡಿದವುಗಳಿಗೆ ಹೋಲಿಸಿದರೆ ಕೆಫೀನ್ ಕುಡಿದವುಗಳಲ್ಲಿ ಮೂರು ಪಟ್ಟು ಜೇನುಗಳು ಮಾರನೆಯ ದಿನವೂ ಆ ಪರಿಮಳವನ್ನು ನೆನಪಿಟ್ಟುಕೊಂಡಿದ್ದವು. ಬೆಳಗಿನ ಕಾಫಿ ಮರೆಯದವರು ನಾವು ಮಾತ್ರ ಅಲ್ಲ.

ಮಾರ್ಚ್ ಏಪ್ರಿಲ್‌ನಲ್ಲಿ ಜೇನಿಗೆ ನಮ್ಮ ಹಂಗಿಲ್ಲ. ಕಾಡೂ ತೋಟವೂ ಹೂವಾಗಿರುತ್ತದೆ. ಕಷ್ಟ ಶುರುವಾಗುವುದು ಜೂನ್‌ನಲ್ಲಿ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಸೋದರಮಾವ ಜೇನು ಸಾಕುತ್ತಿದ್ದರು. ಮಳೆಗಾಲದಲ್ಲಿ ಅವರು ಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಇಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮನೆಯವರ ಕಾಫಿಗೆ ಬೆಲ್ಲ, ಜೇನಿಗೆ ಸಕ್ಕರೆ ಎಂದು ಅತ್ತೆ ಗೊಣಗುತ್ತಿದ್ದರು. ಹೊರಗೆ ಮೇವಿಲ್ಲದಿದ್ದರೆ ತುಡುವೆ ಪೆಟ್ಟಿಗೆ ಬಿಟ್ಟು ಹೊರಟೇಹೋಗುತ್ತದೆ. ಅಂಥ ಮಾವನಿಗೂ ತಡೆಯಲಾಗದ್ದು 1991–92ರ ಹೊತ್ತಿನಲ್ಲಿ ಬಂತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಗೂಡಿನ ಕಣದೊಳಗೆ ಮರಿ ನೀರು ತುಂಬಿದ ಚೀಲದಂತಾಗಿ ಸಾಯುತ್ತಿತ್ತು. ದಕ್ಷಿಣ ಭಾರತದ ತುಡುವೆ ಸಾಕಣೆಯನ್ನೇ ಅದು ನೆಲಕಚ್ಚಿಸಿತು. ಮಾವನ ಹನ್ನೆರಡು ಪೆಟ್ಟಿಗೆಗಳೂ ಒಂದೇ ವರ್ಷದಲ್ಲಿ ಖಾಲಿಯಾದವು. ಆಮೇಲೆ ಅವುಗಳಲ್ಲಿ ಅತ್ತೆ ಕೋಳಿ ಮೊಟ್ಟೆ ಇಡತೊಡಗಿದರು. ಮುಂದಿನ ವರ್ಷಗಳಲ್ಲಿ ತುಡುವೆ ನಿಧಾನವಾಗಿ ಚೇತರಿಸಿಕೊಂಡಿತು, ಮಾವ ಮತ್ತೆ ಸಾಕಲಿಲ್ಲ.

ಆ ಮಳೆಗಾಲದ ಹಸಿವಿಗೆ ಹಿತ್ತಲಿನ ಗಿಡಗಳು ತಕ್ಕಮಟ್ಟಿಗೆ ಒದಗುತ್ತವೆ. ತುಳಸಿ, ಕಾಮಕಸ್ತೂರಿಗೆ ಕಾಲದ ಹಂಗಿಲ್ಲ. ಗದ್ದೆಯ ಬದುವಿನ ಮುಟ್ಟಿದರೆ ಮುನಿ ಮಳೆಯಲ್ಲೂ ಬೆಳಗಿನ ಹೊತ್ತು ಪರಾಗ ಕೊಡುತ್ತದೆ. ಮಳೆ ಹಿಂದಾದ ಮೇಲೆ ತುಂಬೆ. ಚಳಿಗಾಲಕ್ಕೆ ಆಡುಸೋಗೆ. ಬೇಸಿಗೆಯ ಬಾಗಿಲಲ್ಲಿ ಕರಿಬೇವು. ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರ ಹೆಸರು ಕೇಳಿರುತ್ತೀರಿ. 1908ರಿಂದ 1932ರವರೆಗೆ ಅಧಿಕಾರದಲ್ಲಿದ್ದವರು. ವರ್ಷದ ಯಾವ ತಿಂಗಳಲ್ಲಿ ಹೋದರೂ ಬೆಂಗಳೂರಿನ ರಸ್ತೆಯಲ್ಲಿ ಒಂದಲ್ಲ ಒಂದು ಮರ ಹೂವಾಗಿರಬೇಕು ಎಂದು ಲೆಕ್ಕ ಹಾಕಿ ಮರ ಆರಿಸಿದ್ದರಂತೆ. ಕಣ್ಣಿನ ಹಬ್ಬಕ್ಕೆ ಮಾಡಿದ ಲೆಕ್ಕ ಅದು. ಅದೇ ಲೆಕ್ಕವನ್ನು ಹತ್ತಡಿ ಹಿತ್ತಲಲ್ಲಿ ಹಾಕಿದರೆ ಜೇನಿನ ಹೊಟ್ಟೆ ತುಂಬುತ್ತದೆ.

ಪರದೇಶದ ಗಿಡ ಬೇಡವೇ ಬೇಡ ಎನ್ನುವವನು ನಾನಲ್ಲ. ಗುಲಾಬಿ ಬಣ್ಣದ ಗೊಂಚಲು ಬಿಡುವ ಆಂಟಿಗೋನಾನ್ ಬಳ್ಳಿ ಮೆಕ್ಸಿಕೋದಿಂದ ಬಂದದ್ದು. ನಮ್ಮ ಕೋಲುಜೇನಿಗೆ ಅದರ ಮೇಲೆ ಪ್ರಾಣ. ಜೇನು ಹೂವಿನ ಜಾತಕ ಕೇಳುವುದಿಲ್ಲ. ಆದರೆ ಲಂಟಾನವನ್ನು ಮಾತ್ರ ದಯವಿಟ್ಟು ನೆಡಬೇಡಿ. ಚಿಟ್ಟೆ ಬರುತ್ತದೆ, ಜೇನೂ ಬರುತ್ತದೆ, ಒಪ್ಪುತ್ತೇನೆ. ಅದರ ಹಳದಿ ಹೂವು ಕೆಲಸ ಮುಗಿದ ಮೇಲೆ ಕಿತ್ತಳೆ, ಕೆಂಪಿಗೆ ತಿರುಗಿ ‘ಇಲ್ಲಿ ಖಾಲಿ, ಪಕ್ಕದ್ದಕ್ಕೆ ಹೋಗು’ ಎಂದು ಸೂಚಿಸುವುದು ನೋಡಲು ಸೊಗಸು. ಆದರೆ ಅಲಂಕಾರಕ್ಕೆಂದು ಅಮೆರಿಕದಿಂದ ತಂದ ಆ ಗಿಡ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಏನು ಮಾಡಿದೆ ಎಂದು ಅಲ್ಲಿಯ ಸೋಲಿಗರನ್ನು ಕೇಳಿ. ಹುಲ್ಲು ಹುಟ್ಟಲು ಜಾಗವಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಕೊನೆಯ ಮನೆಯವರು ನೋಟ್‌ಬುಕ್ಕಿನಲ್ಲಿ ಗಿಡಗಳ ಹೆಸರು ಬರೆದುಕೊಳ್ಳುತ್ತಿದ್ದರು. ನರ್ಸರಿಗೆ ಹೊರಡುವ ಉತ್ಸಾಹ. ನಾನು ತಡೆದೆ. “ನಿಮ್ಮ ಮನೆಯಲ್ಲೇ ಎರಡು ಒಳ್ಳೆಯ ಗಿಡ ಇವೆಯಲ್ಲಮ್ಮ.”

“ಯಾವುದು?”

“ಕಾಂಪೌಂಡಿನ ಡ್ಯುರಾಂಟಾ. ಹಿಂದೆ ಕರಿಬೇವು.”

ಅವರಿಗೆ ನಂಬಿಕೆ ಬರಲಿಲ್ಲ. ಐದು ವರ್ಷದಿಂದ ಆ ಬೇಲಿಯಲ್ಲಿ ಅವರು ಒಂದು ಹೂವನ್ನೂ ಕಂಡಿಲ್ಲ. ಕಾಣುವುದು ಹೇಗೆ? ಡ್ಯುರಾಂಟಾ ಹೂ ಬಿಡುವುದು ಕೊಂಬೆಯ ತುದಿಯಲ್ಲಿ, ಮಾಲಿ ಹದಿನೈದು ದಿನಕ್ಕೊಮ್ಮೆ ಬಂದು ಕತ್ತರಿಸುವುದೂ ಕೊಂಬೆಯ ತುದಿಯನ್ನೇ. ಬಿಟ್ಟರೆ ಅದು ತಿಳಿ ನೀಲಿ ಗೊಂಚಲು ಇಳಿಬಿಟ್ಟು ಜೇನನ್ನು ಕರೆಯುವ ಗಿಡ. ಆಮೇಲೆ ಬರುವ ಹಳದಿ ಹಣ್ಣು ಮಾತ್ರ ವಿಷ, ಸಣ್ಣ ಮಕ್ಕಳಿದ್ದರೆ ಎಚ್ಚರ. ಕರಿಬೇವಿನದ್ದೂ ಅದೇ ಗತಿ: ಚಿಗುರಿದ್ದೇ ತಡ ಒಗ್ಗರಣೆಗೆ ಹೋಗುತ್ತದೆ. ಪಾರ್ಕುಗಳ ಮದರಂಗಿ ಬೇಲಿಯನ್ನು ನೋಡಿ, ಪೆಟ್ಟಿಗೆಯಾಕಾರಕ್ಕೆ ಕತ್ತರಿಸಿ ಕತ್ತರಿಸಿ ಮದರಂಗಿಗೆ ಅಷ್ಟು ಘಮದ ಹೂವಿದೆ ಎಂಬುದೇ ಪೇಟೆಯ ಮಕ್ಕಳಿಗೆ ಗೊತ್ತಿಲ್ಲ. ಜೇನಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಹೊಸ ಗಿಡ ತರುವುದಲ್ಲ, ಕೈಯಲ್ಲಿರುವ ಕತ್ತರಿಯನ್ನು ಸ್ವಲ್ಪ ದಿನ ಕೆಳಗಿಡುವುದು. ಇಡೀ ಬೇಲಿಯನ್ನು ಕಾಡು ಬಿಡಬೇಕಾಗಿಲ್ಲ. ಈ ಸಲ ಅರ್ಧ, ಮುಂದಿನ ಸಲ ಇನ್ನರ್ಧ.

“ಜೇನು ಬಂದ್ರೆ ಮಕ್ಕಳಿಗೆ ಕಚ್ಚಲ್ವಾ ಮೇಷ್ಟ್ರೇ?”

ಇದು ಎಲ್ಲರೂ ಕೇಳುವ ಪ್ರಶ್ನೆ. ಹೂವಿನ ಮೇಲಿರುವ ಜೇನಿಗೆ ಜಗಳಕ್ಕೆ ಪುರುಸೊತ್ತಿಲ್ಲ. ಕೈಯಲ್ಲಿ ಹಿಡಿದರೆ, ಕಾಲಲ್ಲಿ ತುಳಿದರೆ ಕುಟುಕುತ್ತದೆ. ಅದು ಕಾಯುವುದು ಗೂಡನ್ನು, ಹೂವನ್ನಲ್ಲ. ಹೆಜ್ಜೇನಿನ ಗೂಡಿಗೆ ಕಲ್ಲು ಹೊಡೆದವರ ಕತೆಯೇ ಬೇರೆ. ಯಾರಿಗಾದರೂ ಜೇನು ಕಚ್ಚಿದರೆ ಮೈಯೆಲ್ಲ ಊದಿಕೊಂಡು ಉಸಿರು ಕಟ್ಟುವ ತೊಂದರೆ ಮೊದಲೇ ಇದ್ದರೆ, ಅಂಥ ಮನೆಯವರು ಬಾಗಿಲ ಹತ್ತಿರ ಇಂಥ ಗಿಡ ಇಡದಿರುವುದು ಒಳ್ಳೆಯದು.

ಗುಲಾಬಿಯ ಎಲೆಯಂಚಿನಲ್ಲಿ ನಾಣ್ಯದಲ್ಲಿ ಅಚ್ಚೊತ್ತಿದಂತೆ ಗುಂಡಗೆ ಕತ್ತರಿಸಿದ್ದನ್ನು ಕಂಡು ಔಷಧಿ ಅಂಗಡಿಗೆ ಓಡುವವರಿಗೂ ಒಂದು ಮಾತು. ಅದು ಎಲೆಕತ್ತರಿ ಜೇನಿನ ಕೆಲಸ. ತಿನ್ನುವುದಕ್ಕಲ್ಲ, ಮರಿಗೆ ತೊಟ್ಟಿಲು ಹೊಲಿಯುವುದಕ್ಕೆ. ಗಿಡಕ್ಕೆ ಏನೂ ಆಗುವುದಿಲ್ಲ. ಆದರೆ ನೀವು ಹೊಡೆಯುವ ಅಂತರ್ವ್ಯಾಪಿ ಕೀಟನಾಶಕ ಬೇರಿನಿಂದ ತುದಿಯವರೆಗೆ ಏರಿ ಪರಾಗಕ್ಕೂ ಮಕರಂದಕ್ಕೂ ಬರುತ್ತದೆ. ಈ ವರ್ಗದ ಮೂರು ಕೀಟನಾಶಕಗಳನ್ನು ಹೊಲದಲ್ಲಿ ಬಳಸದಂತೆ ಯೂರೋಪಿನ ಒಕ್ಕೂಟ 2018ರಲ್ಲಿ ನಿಷೇಧಿಸಿತು. ನಮ್ಮ ಗುಲಾಬಿ ಕುಂಡಕ್ಕೆ ಅದರ ಅಗತ್ಯ ಏನಿದೆ?

ಕುಂಬಳದ ವಿಷಯ ಮರೆತಿಲ್ಲ. ಜೇನು ಬರುವವರೆಗೆ ಬೆಳಿಗ್ಗೆ ಬೇಗ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ ಎಂದು ಹೇಳಿಕೊಟ್ಟೆ. ಮಾಡಿದರು, ಎರಡು ಕಾಯಿ ನಿಂತಿತು. “ಇಷ್ಟು ಕೆಲಸ ದಿನಾ ನಾನೇ ಮಾಡಬೇಕಾ?” ಎಂದು ಕೇಳಿದ ಮರುದಿನವೇ ಮಾಲಿಗೆ ಬೇಲಿ ಮುಟ್ಟಬೇಡ ಎಂದು ಹೇಳಿದ್ದಾರೆ. ಬೇಲಿ ಈಗ ಎಣ್ಣೆ ಕಾಣದ ತಲೆಯ ಹಾಗೆ ಕೆದರಿಕೊಂಡಿದೆ. ಮೊದಲ ಮೊಗ್ಗು ಬಂದಿದೆ ಎಂದು ನಿನ್ನೆ ಫೋನು ಬಂದಿತ್ತು.

ನಮ್ಮ ಮನೆಯ ತುಳಸಿಯೂ ತೆನೆ ಬಿಟ್ಟಿದೆ. ತೆನೆ ಚಿವುಟಿದರೆ ಗಿಡ ಹೆಚ್ಚು ದಿನ ಬಾಳುತ್ತದೆ ಎನ್ನುವ ಮಾತು ನಿಜ, ನನ್ನ ಹೆಂಡತಿ ಅದನ್ನು ಪಾಲಿಸುವವಳು. ನಮ್ಮಿಬ್ಬರ ಒಪ್ಪಂದ ಇಷ್ಟು: ಕಟ್ಟೆಯ ತುಳಸಿ ಅವಳದು, ಹಿತ್ತಲಿನ ಐದು ಗಿಡ ಜೇನಿನದು. ನಾಳೆ ಬೆಳಿಗ್ಗೆ ಬಿಸಿಲೇರಿದ ಮೇಲೆ ನಿಮ್ಮ ಮನೆಯ ತುಳಸಿಯ ಹತ್ತಿರ ಐದು ನಿಮಿಷ ನಿಂತು ನೋಡಿ. ರೇಡಿಯೋ ಆರಿಸಿಯೇ ಹೋಗಿ, ಅಲ್ಲಿಯದನ್ನು ಕೇಳಬೇಕಲ್ಲ.